ಉಗ್ರಾಣದ ಮೇಡಂ

ಆ ಮೇಡಂ ಅವರನ್ನು ನಾನು ಮೊದಲು ನೋಡಿದ್ದು ಸರ್ಕಾರಿ ಶಾಲೆಯ ಉಗ್ರಾಣದಲ್ಲಿ. ನಡೆಯಲಾಗದ ಮೊಮ್ಮಗಳನ್ನು ಸೊಂಟದ ಮೇಲೆ ಹೊತ್ತು ಹೋಗಿದ್ದೆ. ಮುರಿದ ಬೆಂಚುಗಳ ನಡುವೆ ಕುಳಿತಿದ್ದ ಅವರು ಮಗುವಿನ ಮುಖ ನೋಡುವ ಮೊದಲೇ ಇಂಕಿನ ಡಬ್ಬಿ ನನ್ನತ್ತ ತಳ್ಳಿದರು. "ಹೆಬ್ಬೆಟ್ಟು ಒತ್ತಿ ಅಜ್ಜಿ."

ವಿಶೇಷ ಮಕ್ಕಳಿಗೆ ಪಾಠ ಹೇಳುವುದು ಅವರ ಕೆಲಸ. ಆರು ಶಾಲೆಗೆ ಅವರೊಬ್ಬರೇ, ನಮಗೆ ಮಂಗಳವಾರ. ಮಗುವಿಗೆ ಮಣಿ ಪೋಣಿಸಲು ಕೊಟ್ಟು ತಾವು ಫೋನು ಹಿಡಿಯುತ್ತಿದ್ದರು. ಗಾಲಿ ಕುರ್ಚಿ ಯಾವಾಗ ಬರುತ್ತದೆಂದು ಕೇಳಿದರೆ, "ಬರೆದು ಕಳಿಸಿದೀನಿ, ತಲೆ ತಿನ್ಬೇಡಿ" ಎನ್ನುತ್ತಿದ್ದರು. ಎರಡು ವರ್ಷ ಹೀಗೇ ಮೂಗಿಗೆ ತುಪ್ಪ ಸವರಿದರು.

ಹೋದ ತಿಂಗಳು ಕಣ್ಣಿನ ಪೊರೆ ತೆಗೆಸಿಕೊಂಡೆ. ಅದಾದ ಮೇಲಿನ ಮಂಗಳವಾರ ಹೆಬ್ಬೆಟ್ಟು ಒತ್ತುವ ಮೊದಲು ವರದಿಯ ಹಾಳೆಯ ಮೇಲೆ ಬೆರಳಿಟ್ಟು, ಅಕ್ಷರ ಕೂಡಿಸಿ ಕೂಡಿಸಿ ಓದಿದೆ. ಮೇಲೆ ಮೊಮ್ಮಗಳ ಹೆಸರು. ಕೆಳಗೆ, 'ಹುಡುಗನಿಗೆ ಕಿವಿ ಕೇಳುವುದಿಲ್ಲ, ಕಿವಿಯ ಯಂತ್ರ ಬೇಕು' ಎಂದಿತ್ತು. ಬೇರೆ ಯಾವುದೋ ಮಗುವಿನ ವರದಿಯನ್ನೇ ನೋಡಿ ಬರೆದಿದ್ದರು.

"ನಮ್ಮ ಹುಡುಗಿ ಕಿವಿ ಚುರುಕಾಗೇ ಇದೆ ಮೇಡಂ. ಆ ಯಂತ್ರ ಬಂದ್ರೆ ಕಾಲಿಗೆ ಕಟ್ಲಾ?" ಎಂದೆ.

ಹಾಳೆ ಕಸಿಯಲು ಕೈ ಚಾಚಿದರು. ನಾನು ಬಿಡದೆ, ಹೆಡ್‌ಮಾಸ್ಟರ ಕೋಣೆಯತ್ತ ಹೊರಟೆ. ಆಗ ಅವರು ನನ್ನನ್ನು ಕೇಳಿದ ಕೊನೆಯ ಮಾತು ಇದು:

"ಅಜ್ಜಿ, ನಿಮಗೆ ಓದೋಕೆ ಬರುತ್ತಾ?"