ಗುರಿ ತಪ್ಪಿದ ವರ್ಷದ ಬರ್ಫಿ

ಕೇಂದ್ರ ಅಬಕಾರಿ ಇಲಾಖೆಯಲ್ಲಿ ಸುಂಕದ ಕಾಯಿದೆಯನ್ನು ಬಾಯಿಪಾಠ ಒಪ್ಪಿಸಬಲ್ಲವರು ಅನೇಕರಿದ್ದಾರೆ. ಆ ಸುಂಕ ಯಾರ ಎದೆಯಿಂದ ಬರುತ್ತದೆಂದು ತಮ್ಮನ್ನೇ ಕೇಳಿಕೊಂಡವರು ವಿರಳ. ಅಂಥ ವಿರಳರಲ್ಲಿ ಒಬ್ಬರು ನಮ್ಮ ಸೂಪರಿಂಟೆಂಡೆಂಟ್ ಶ್ರೀ ವಿಜಯೇಂದ್ರ ಮುತಾಲಿಕರು. ಧಾರವಾಡದಿಂದ ನಾಗಪುರಕ್ಕೆ ವರ್ಗವಾಗಿ ಬಂದು, ಲಕ್ಷ್ಮೀ ನಗರದಲ್ಲಿ ಮನೆ ಮಾಡಿ, ಇಲ್ಲಿನ ಬಿಸಿಲಿಗೂ ಮರಾಠಿಗೂ ಒಗ್ಗಿಕೊಂಡು, ಸೇವೆಯ ಬಹುಪಾಲನ್ನು ಸಿಗರೇಟಿನ ಸುಂಕದ ವಿಭಾಗದಲ್ಲೇ ಕಳೆದ ಅವರು ಈಗ ನಿವೃತ್ತರಾಗುತ್ತಿದ್ದಾರೆ. ಅವರ ಕೈಕೆಳಗೆ ಪಳಗಿದ ನನಗೆ ಈ ಅಭಿನಂದನಾ ಸಂಪುಟದಲ್ಲಿ ನಾಲ್ಕು ಮಾತು ಬರೆಯುವ ಅವಕಾಶ ದೊರೆತಿದೆ. ಹೊಗಳಿಕೆಯನ್ನಷ್ಟೇ ಬರೆಯಬೇಕೆಂದು ಸಂಪಾದಕರು ಹೇಳಿಲ್ಲ, ಪುಣ್ಯಕ್ಕೆ.

ನಾನು ಇನ್‌ಸ್ಪೆಕ್ಟರಾಗಿ ಸೇರಿದ್ದು ೧೯೯೪ರಲ್ಲಿ. ನಾಗಪುರದ ಅಂಚಿನ ವಾಡಿಯ ಗೋದಾಮುಗಳನ್ನು ದಾಟಿದರೆ ಒಂದು ಸಿಗರೇಟು ಕಾರ್ಖಾನೆ. ನಮ್ಮವರ ಸಹಿಯಿಲ್ಲದೆ ಅಲ್ಲಿಂದ ಒಂದು ಲಾರಿಯೂ ಹೊರಡುವಂತಿರಲಿಲ್ಲ. ಮಾರ್ಚ್ ಕೊನೆಗೆ ಸುಂಕ ಗುರಿ ಮುಟ್ಟಿದರೆ ಸಿವಿಲ್ ಲೈನ್ಸ್‌ನ ಕಚೇರಿಯಲ್ಲಿ ಇಲ್ಲಿನ ಕಿತ್ತಳೆಯಿಂದ ಮಾಡಿದ ಸಂತ್ರಾ ಬರ್ಫಿ ಹಂಚುವುದು ಲಾಗಾಯ್ತಿನಿಂದ ಬಂದ ಪದ್ಧತಿ. ಮೊದಲ ವರ್ಷ ನಾನು ಎರಡು ತುಂಡು ತಿಂದೆ. ಮುತಾಲಿಕ ಸಾಹೇಬರು ತಮ್ಮ ಪಾಲನ್ನು ಮುಟ್ಟದೆ ಪಕ್ಕಕ್ಕಿಟ್ಟರು.

ಕಾರಣ ಕೇಳಿದೆ. "ಸಿಗರೇಟಿಗೆ ಟ್ಯಾಕ್ಸ್ ಹಾಕೋದು ತಪ್ಪಲ್ಲ ಮೃದುಲಾ. ಆದ್ರ ಅದು ಹೆಚ್ಚಿಗಿ ಬಂತಂತ ಸಿಹಿ ತಿನ್ನೋದು ತಪ್ಪು. ಮಂದಿ ಹೆಚ್ಚಿಗಿ ಸೇದ್ಯಾರ ಅಂತ ಹಬ್ಬ ಮಾಡಿದಂಗ ಆಗ್ತದ," ಎಂದರು. ನನಗೆ ಮೈ ಜುಮ್ಮೆಂದಿತು. ಆದರೆ ಇಷ್ಟು ಹೇಳಿದ ಪುಣ್ಯಾತ್ಮರು ನೇರ ಹೊರಗಿನ ಬೀಡಾ ಗಾಡಿಗೆ, ಇಲ್ಲಿನವರ ಪಾನ್ ಠೇಲಾಕ್ಕೆ ಹೋಗಿ ಒಂದು ಸಿಗರೇಟು ಹಚ್ಚಿದರು! ಕಾರ್ಖಾನೆಯವರು ಮರ್ಯಾದೆಗೆ ನೀಡುತ್ತಿದ್ದ ಡಬ್ಬಿಯನ್ನು ಅವರು ಎಂದೂ ಮುಟ್ಟಿದವರಲ್ಲ, ಸುಂಕ ತೆತ್ತ ಸಿಗರೇಟನ್ನೇ ಕೊಂಡು ಸೇದುತ್ತಿದ್ದರು, ನಿಜ. ಆದರೂ ಸೇದುತ್ತಿದ್ದರಲ್ಲ! ಎಂಥ ಆಷಾಢಭೂತಿ ಎಂದು ನಾನು ಆಗ ಒಳಗೊಳಗೇ ಉರಿದದ್ದುಂಟು.

ತೊಂಬತ್ತರ ದಶಕದ ಕೊನೆಯಲ್ಲಿ, ಅಗ್ಗದ ಸಿಗರೇಟಿನ ಮೇಲೂ ಸುಂಕ ಏರಿಸಬಹುದೇ ಎಂದು ಮೇಲಿನವರು ಅಭಿಪ್ರಾಯ ಕೇಳಿದರು. ಏರಿಸಲೇಬೇಕು, ಬೆಲೆ ಹೆಚ್ಚಾದರೆ ಬಡವನೇ ಮೊದಲು ಬಿಡುತ್ತಾನೆ, ಅವನ ಎದೆಯೇ ಮೊದಲು ಉಳಿಯುತ್ತದೆ ಎಂದು ಸಾಹೇಬರು ಮನಮುಟ್ಟುವಂತೆ ಬರೆದರು. ಅದನ್ನು ದೆಹಲಿಯಲ್ಲಿ ಯಾರು ಓದಿದರೋ ದೇವರೇ ಬಲ್ಲ. ಬಜೆಟ್ಟಿನಲ್ಲಿ ಬೆಲೆಯಂತೂ ಏರಿತು.

ನಮ್ಮ ಜೀಪಿನ ಚಾಲಕ ಹನುಮಂತ ಬಾಗಲಕೋಟೆ ಕಡೆಯವನು, ಅದೇ ಅಗ್ಗದ ಸಿಗರೇಟು ಸೇದುವವನು. ಅವನು ಬಿಡಲಿಲ್ಲ, ಬೀಡಿಗೆ ಇಳಿದ. ಅಗ್ಗವೆಂದು ಹಿಂದಿಗಿಂತ ಹೆಚ್ಚೇ ಸೇದಿದ. ಚಳಿಗಾಲದ ಹೊತ್ತಿಗೆ, ಸ್ಟಿಯರಿಂಗ್ ಹಿಡಿದವನು ಕೆಮ್ಮು ಬಂದಾಗ ಗಾಡಿಯನ್ನು ರಸ್ತೆಯ ಬದಿಗೆ ನಿಲ್ಲಿಸಬೇಕಾಗುತ್ತಿತ್ತು. ಬೀಡಿ ಬಿಡದಿದ್ದರೆ ಮುಂದಿನ ಚಳಿಗಾಲಕ್ಕೆ ಗಾಡಿ ಓಡಿಸುವ ಮಾತಿರಲಿ, ಮೆಟ್ಟಿಲು ಹತ್ತುವುದೂ ಆಗದು ಎಂದು ಡಾಕ್ಟರು ಖಡಾಖಂಡಿತ ಹೇಳಿದರು.

ಸಾಹೇಬರು ಕುಸಿದುಹೋದರು. "ನಾ ಬರದದ್ದು ಕಾಗದದ ಮ್ಯಾಲೆ ಬರೋಬರ್ ಇತ್ತು. ಇವನ ಎದಿಯೊಳಗ ಸೋತುಹೋತು," ಎಂದು ನನ್ನೆದುರಿಗೇ ಕಣ್ಣೊರೆಸಿಕೊಂಡರು. ಹಾಗೆಂದು ಸುಂಕವೇ ತಪ್ಪು ಎನ್ನಲಿಲ್ಲ. ಬೆಲೆ ಏರಿಸಿ ಕೈತೊಳೆದುಕೊಂಡು, ಬಿಡುವ ಕಷ್ಟವನ್ನು ಸೇದುವವನ ತಲೆಗೇ ಕಟ್ಟುವುದು ಅರ್ಧ ಧರ್ಮ ಎಂದರು. ಉಳಿದ ಅರ್ಧವನ್ನು ಮಾಡಲು ವಾಡಿಯ ಠೇಲಾದ ಮುಂದೆ ಜೀಪು ನಿಲ್ಲಿಸಿ, ಬೀಡಿ ಬಿಡು ಎಂದು ಹನುಮಂತನಿಗೆ ಬುದ್ಧಿ ಹೇಳತೊಡಗಿದರು. ಅವನು ಅವರ ಜೇಬನ್ನೇ ನೋಡುತ್ತ, "ಕಿಸೆದಾಗ ಪಾಕೀಟ ಇಟ್ಕೊಂಡು ನನಗ ಬಿಡು ಅಂದ್ರ ಹೆಂಗ್ರಿ ಸಾಹೇಬ್ರ?" ಎಂದ. ಹಿಂದಿನ ಸೀಟಿನಲ್ಲಿದ್ದ ನನಗೆ ಒಳಗೇ ಖುಷಿ. ಸಾಹೇಬರು ಇಳಿದುಹೋಗಿ ಪಾಕೀಟನ್ನು ಠೇಲಾದವನಿಗೆ ಕೊಟ್ಟು ಬಂದರು.

ಅಂದಿನಿಂದ ಆ ಜೀಪಿಗೆ ಒಂದು ಕಟ್ಟಳೆಯಾಯಿತು. ಬೆಳಿಗ್ಗೆ ಕೀಲಿ ತಿರುಗಿಸುವ ಮುನ್ನ ನಿನ್ನೆ ಸೇದಿದ್ದುಂಟೇ ಎಂದು ಇಬ್ಬರೂ ಒಬ್ಬರನ್ನೊಬ್ಬರು ಕೇಳಬೇಕು, ಸೇದಿದ್ದರೆ ಸುಳ್ಳಾಡದೆ ಹೇಳಬೇಕು. ಸಾಹೇಬರ ಪತ್ನಿ ತುಂಗಾ ಅವರು ಒಣಗಿಸಿದ ನೆಲ್ಲಿಕಾಯಿ ಚೂರುಗಳ ಡಬ್ಬಿಯೊಂದನ್ನು ಜೀಪಿನಲ್ಲಿ ಇಡತೊಡಗಿದರು. ಹನುಮಂತ ಹಲ್ಲು ಕಚ್ಚಿ ನಿಂತ. ತಪ್ಪಿದವರು ಸಾಹೇಬರು, ಅದೂ ಎರಡು ಸಲ! ಎರಡು ಸಲವೂ ನನ್ನಂಥ ಕಿರಿಯಳ ಎದುರಿಗೇ, ತಲೆ ತಗ್ಗಿಸಿ, "ನಿನ್ನೆ ಸೇದಿದೆನೋ ಹನುಮಂತ," ಎಂದು ತಮ್ಮ ಚಾಲಕನಿಗೆ ಒಪ್ಪಿಸಿದರು. "ಇರ್ಲಿ ಬಿಡ್ರಿ, ಇವತ್ತಿಂದ ಮತ್ತ ಚಾಲೂ ಮಾಡೂಣು," ಎಂದು ಅವನು ಡಬ್ಬಿ ಮುಂದೆ ಹಿಡಿದ. ಆಷಾಢಭೂತಿ ಎಂಬ ಮಾತು ನನ್ನ ಮನಸ್ಸಿನಿಂದ ಅಳಿದದ್ದು ಆಗಲೇ. ಮುಂದಿನ ಚಳಿಗಾಲ ಬಂತು, ಹನುಮಂತ ಜೀಪನ್ನು ಎಲ್ಲಿಯೂ ಬದಿಗೆ ನಿಲ್ಲಿಸಲಿಲ್ಲ.

ಆ ಮಾರ್ಚಿನಲ್ಲಿ ನಮ್ಮ ವಿಭಾಗ ಗುರಿ ತಪ್ಪಿತು. ಎಲ್ಲರ ಮುಖವೂ ಸಪ್ಪೆ. ಅಂಥ ಹೊತ್ತಿನಲ್ಲಿ ಸಾಹೇಬರು ಸ್ವಂತ ದುಡ್ಡಿನಿಂದ ಸಂತ್ರಾ ಬರ್ಫಿ ತಂದು ಹಂಚತೊಡಗಿದರೆ ಹೇಗಾಗಬೇಡ! ಕೊಡಗಿನವರಾದ ನಮ್ಮ ಕಮಿಷನರ್ ಉತ್ತಪ್ಪನವರು ಕೋಣೆಯಿಂದ ಹೊರಬಂದು, "ಏನ್ರೀ ಮುತಾಲಿಕ್, ತಮಾಷೆನಾ? ಕಡಿಮೆ ಆಗಿದ್ದಕ್ಕೆ ಮೇಲಿನವರಿಗೆ ನಾನೇನು ಉತ್ತರ ಕೊಡ್ಲಿ?" ಎಂದು ಗದರಿದರು.

"ಸರ, ಮಂದಿ ಬಿಟ್ಟಾರೋ, ಬೀಡಿಗೆ ಹೋಗ್ಯಾರೋ, ಕಳ್ಳಮಾಲು ಸೇದ್ತಾರೋ, ನಂಗ ಗೊತ್ತಿಲ್ಲ. ಹುಡುಕಿ ಬರೀತೇನಿ. ಆದ್ರ ಇಬ್ಬರು ಬಿಟ್ಟದ್ದು ಮಾತ್ರ ನಂಗ ಖಾತ್ರಿ ಗೊತ್ತದ. ಬರ್ಫಿ ಅವರ ಸಲವಾಗಿ." ಬಾಗಿಲಲ್ಲಿ ನಿಂತಿದ್ದ ಹನುಮಂತನ ಕಡೆಗೆ ಎಲ್ಲರೂ ತಿರುಗಿದರು. ಉತ್ತಪ್ಪನವರು ಕೈ ಚಾಚಿ ಒಂದು ತುಂಡು ತೆಗೆದುಕೊಂಡರು. ಸಾಹೇಬರು ಆ ಕಚೇರಿಯಲ್ಲಿ ಬರ್ಫಿ ತಿಂದದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಈಗ ಅವರು ಹೊರಡುತ್ತಿದ್ದಾರೆ. ಮೊನ್ನೆ ಜೀಪಿನಲ್ಲಿ ಹನುಮಂತ ಕೀಲಿ ತಿರುಗಿಸದೆ ಕೂತು, "ಇನ್ನ ನನ್ನ ಯಾರು ಕೇಳ್ತಾರ್ರಿ ಸಾಹೇಬ್ರ?" ಎಂದ. "ನಿನ್ನ ಮನಿಗೇ ಬಂದು ಕೇಳ್ತೇನೋ ಮಾರಾಯ, ನೀನೂ ಕೇಳು. ನಡಿ, ಜಲ್ದಿ," ಎಂದರು ಸಾಹೇಬರು. ಮಹನೀಯರಿಗೆ ನಾನು ಕೋರುವುದೂ ಇಷ್ಟನ್ನೇ: ಆ ಪ್ರಶ್ನೆಯನ್ನು ದಿನವೂ ಕೇಳುವಷ್ಟು ದೀರ್ಘ ಆಯುಸ್ಸು ಅವರಿಗಿರಲಿ, "ಇಲ್ರಿ ಸಾಹೇಬ್ರ" ಎಂದು ಗಟ್ಟಿಯಾಗಿ ಉತ್ತರಿಸುವಷ್ಟು ಉಸಿರು ಹನುಮಂತನಿಗಿರಲಿ.