ನುಂಗದ ಗುಟುಕು

ಹೋದ ತಿಂಗಳು ಸೊಸೆ ನನ್ನನ್ನು ಕುಂದಲಹಳ್ಳಿಯ ಒಂದು ದೊಡ್ಡ ಹೋಟೆಲಿಗೆ ಕರೆದುಕೊಂಡು ಹೋಗಿದ್ದಳು. ಅಲ್ಲಿ ಫ್ರಾನ್ಸಿನ ವೈನುಗಳ ರುಚಿ ನೋಡಿಸುತ್ತಾರಂತೆ, ಅದಕ್ಕೆ ಟಿಕೆಟ್ಟು ಬೇರೆ. ಮೇಜಿನ ಮೇಲೆ ಉದ್ದ ಕಾಲಿನ ಗ್ಲಾಸುಗಳು, ಪಕ್ಕದಲ್ಲಿ ಒಂದೊಂದು ಸ್ಟೀಲಿನ ಬಟ್ಟಲು. ನುಂಗಬೇಡಿ, ಬಾಯಲ್ಲಿ ಆಡಿಸಿ ಬಟ್ಟಲಿಗೆ ಉಗಿಯಿರಿ, ಬಲ್ಲವರು ಮಾಡುವುದೇ ಹೀಗೆ ಎಂದು ಟೈ ಕಟ್ಟಿದ ಯುವಕನೊಬ್ಬ ಹೇಳಿಕೊಟ್ಟ. ಎಲ್ಲರೂ ಭಕ್ತಿಯಿಂದ ತಲೆಯಾಡಿಸಿದರು. ನಾನು ಗ್ಲಾಸನ್ನು ಮೂಗಿನ ಹತ್ತಿರ ತಂದೆ. ನೇರಳೆ ಹಣ್ಣು, ಅದರ ಹಿಂದೆಯೇ ಒದ್ದೆ ಗರಸು ಮಣ್ಣು... ನನಗೆ ಮೈಯೆಲ್ಲ ಉರಿದುಹೋಯಿತು. ನುಂಗದೆ ಉಗಿಯುತ್ತೇನೆ ಎಂಬ ಇದೇ ಮಾತು ಹೇಳಿದ್ದಕ್ಕೆ ಪೀಣ್ಯದಲ್ಲಿ ಒಬ್ಬ ಮನುಷ್ಯನನ್ನು ನಿಲ್ಲಿಸಿಕೊಂಡು ಬಿದ್ದು ಬಿದ್ದು ನಕ್ಕಿದ್ದರು.

ಎಂಬತ್ತರ ದಶಕದ ಮೊದಲ ವರ್ಷಗಳು. ನಾನು ಪೀಣ್ಯದ ಒಂದು ಕಾರ್ಖಾನೆಯ ಅಳತೆ ರೂಮಿನಲ್ಲಿ ಕೆಲಸಕ್ಕಿದ್ದೆ. ಬಿಡಿಭಾಗಗಳನ್ನು ಅಳೆಯುವ ಗೇಜುಗಳು ಬಿಸಿಗೆ ಹಿಗ್ಗಬಾರದೆಂದು ಆ ರೂಮನ್ನು ವರ್ಷವಿಡೀ ಒಂದೇ ತಂಪಿನಲ್ಲಿ ಇಡುತ್ತಿದ್ದರು. ಉಳಿದವರು ಶೀಟಿನ ಸೂರಿನ ಕೆಳಗೆ ಬೇಯುತ್ತಿದ್ದರೆ ನಾನು ಸ್ವೆಟರ್ ಹಾಕಿಕೊಂಡು ಕೂತಿರುತ್ತಿದ್ದೆ. ನಮ್ಮ ಟೂಲ್‌ರೂಮಿನ ಮೇಸ್ತ್ರಿ ದಿನಕ್ಕೆರಡು ಸಲ ಅಲ್ಲಿಗೆ ಬರುತ್ತಿದ್ದರು. ಬಾಗಲಗುಂಟೆಯಲ್ಲಿ ನಾನು, ಅಮ್ಮ, ಅಣ್ಣ ಬಾಡಿಗೆಗಿದ್ದದ್ದೂ ಅವರ ಮನೆಯ ಪಕ್ಕದ ಸಾಲುಮನೆಯಲ್ಲೇ. ಅವರು ಅಲ್ಲಿಯ ಮೂಲದವರು. ಕಾರ್ಖಾನೆ ಎದ್ದ ನೆಲ ಹಿಂದೆ ಅವರ ಮನೆಯ ರಾಗಿ ಹೊಲವಾಗಿತ್ತು.

ಅವರ ತಂದೆ ಸಾರಾಯಿ ಕುಡಿದೇ ಸತ್ತವರು. ಹೆಣ ಎತ್ತುವ ಮೊದಲು ಅವರ ತಾಯಿ, ಇನ್ನೂ ಮೀಸೆ ಮೂಡದ ಮಗನ ಕೈಯನ್ನು ತನ್ನ ತಲೆಯ ಮೇಲೆ ಇಡಿಸಿಕೊಂಡು, ಎಂದೂ ಕುಡಿಯುವುದಿಲ್ಲ ಎಂದು ಮಾತು ತೆಗೆದುಕೊಂಡಿದ್ದರಂತೆ. ಈ ಮಾತು ಬಾಗಲಗುಂಟೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಅಂಥವರನ್ನು ಕಂಪನಿಯವರು ಹೊಸ ಗ್ರೈಂಡಿಂಗ್ ಮಿಷನ್ನಿನ ಕೆಲಸ ಕಲಿತು ಬಾ ಎಂದು ನಾಲ್ಕು ತಿಂಗಳು ಫ್ರಾನ್ಸಿಗೆ ಕಳಿಸಿದರು. ಹಿಂದಿರುಗಿದ ಮೇಲೆ ಆ ಮಿಷನ್ನಿನ ವಿಭಾಗಕ್ಕೆ ಅವರೇ ಫೋರ್‌ಮನ್ ಎಂದು ಮೊದಲೇ ಮಾತಾಗಿತ್ತು. ಮಿಷನ್ ಮಾಡುವ ಊರಿನ ಪಕ್ಕದಲ್ಲೇ ಬೋಜೊಲೆ ಎಂಬ ದ್ರಾಕ್ಷಿಯ ಸೀಮೆ. ಅಲ್ಲಿನ ವಯಸ್ಸಾದ ಮೇಸ್ತ್ರಿಯೊಬ್ಬ ಭಾನುವಾರ ಭಾನುವಾರ ಇವರನ್ನು ಒಂದೊಂದು ಹಳ್ಳಿಗೆ ಕರೆದುಕೊಂಡು ಹೋಗುತ್ತಿದ್ದನಂತೆ. ಮೊದಲ ದಿನ ಇವರು ಕೈಮುಗಿದು ಬೇಡವೆಂದರಂತೆ. ಆಮೇಲೆ ನೋಡಿದರೆ ಆ ಮುದುಕ ವೈನನ್ನು ಬಾಯಲ್ಲಿ ಮುಕ್ಕಳಿಸಿ, ಮರಳು ತುಂಬಿದ ಡಬ್ಬಕ್ಕೆ ಉಗಿದು, ಇದು ಇಂಥ ಊರಿನದು ಎಂದು ಹೇಳುತ್ತಿದ್ದ. ನುಂಗದೆ ಕಲಿಯಬಹುದಾದ ವಿದ್ಯೆ! ಇವರಿಗೆ ಹುಚ್ಚು ಹಿಡಿಯಲು ಅಷ್ಟು ಸಾಕಾಯಿತು.

ವಾಪಸು ಬಂದವರ ಕೈಯಲ್ಲಿ ಒಂದು ಗೆರೆ ಹಾಕಿದ ನೋಟ್‌ಬುಕ್ ಇತ್ತು. ಬಾಟಲಿಗಳನ್ನು ನೀರಲ್ಲಿ ನೆನೆಸಿ ಬಿಡಿಸಿದ ಲೇಬಲ್ಲುಗಳನ್ನು ಪುಟಕ್ಕೊಂದರಂತೆ ಅಂಟಿಸಿದ್ದರು. ಕೆಳಗೆ ಅವರ ದುಂಡು ಅಕ್ಷರ. ಫ್ಲರಿ ಎಂಬ ಊರಿನದಕ್ಕೆ ಪನ್ನೀರು ಗುಲಾಬಿಯ ವಾಸನೆ, ಮೊರ್ಗೋ ಎಂಬಲ್ಲಿಯದಕ್ಕೆ ನಮ್ಮ ಕೆರೆ ಏರಿಯ ನೇರಳೆ ಮತ್ತು ಮಳೆ ಬಿದ್ದ ಗರಸು. ಒಂದೇ ಜಾತಿಯ ದ್ರಾಕ್ಷಿ, ನೆಲ ಬದಲಾದರೆ ರುಚಿ ಬದಲಾಗುತ್ತದೆ. ನಮ್ಮ ಹೊಲದ ಅವರೆಕಾಯಿಗೂ ಪಕ್ಕದೂರಿನದಕ್ಕೂ ಸೊಗಡು ಬೇರೆ ಇರಲಿಲ್ಲವೇ ಎಂದು ಕೇಳುತ್ತಿದ್ದರು. ಊಟದ ಬಿಡುವಿನಲ್ಲಿ ಪುಟ ತಿರುವುತ್ತಾ ಒಂದು ದಿನ ನನಗೆ ಹೇಳಿದರು: “ಅಲ್ಲಿ ಊರಿನ ಹೆಸ್ರನ್ನ ಬಾಟ್ಲಿ ಮ್ಯಾಲೆ ಬರುದು ಮೆರೆಸ್ತಾರೆ ಕಣವ್ವ. ನಮ್ಮೂರ ಹೆಸ್ರು ಅಳಿಸಿ ಪ್ಲಾಟ್ ನಂಬರ್ ಬರುದ್ರು.”

ತಂದದ್ದು ಒಂದೇ ಒಂದು ಬಾಟಲಿ. ಮನೆಯಲ್ಲಿ ಇಡಲು ತಾಯಿಯ ಭಯ. ಹೊರಗೆಲ್ಲಾದರೂ ಇಟ್ಟರೆ ಬಿಸಿಲಿಗೆ ಕೆಡುತ್ತದೆ. ಹಾಗಾಗಿ ನನ್ನ ಗೇಜುಗಳ ಬೀರುವಿನಲ್ಲಿ ಹಳದಿ ಬಟ್ಟೆ ಸುತ್ತಿ ಇಟ್ಟರು. ಬೀರುವಿನ ಕೀಲಿ ಕೊಟ್ಟವಳು ನಾನೇ. ಒಂದು ಮಧ್ಯಾಹ್ನ ಅದನ್ನು ತೆರೆದರು. ಕ್ಯಾಂಟೀನಿನ ಎರಡು ಲೋಟಕ್ಕೆ ಒಂದೊಂದು ಗುಟುಕು, ಉಗಿಯಲು ಗೇಜು ತೊಳೆಯುವ ಎನಾಮಲ್ ಬೋಗುಣಿ. ಕಣ್ಣು ಮುಚ್ಚಿ ಬಾಯಲ್ಲಿಟ್ಟುಕೊಂಡು, ಆಮೇಲೆ ಒಂದು ತೊಟ್ಟೂ ಉಳಿಯದ ಹಾಗೆ ಉಗಿದು, ನೀರಿನಲ್ಲಿ ಮೂರು ಸಲ ಬಾಯಿ ಮುಕ್ಕಳಿಸಿದರು. ನಾನೂ ಹಾಗೇ ಮಾಡಿದೆ. ನೇರಳೆ ಸಿಕ್ಕಿತಾ ಎಂದು ಕೇಳಿದರು. ಸಿಕ್ಕಿತ್ತು...

ಮರುದಿನ ಮ್ಯಾನೇಜರು ಅತಿಥಿಗಳಿಗೆ ತಂಪು ರೂಮು ತೋರಿಸಲು ಬಂದು, ಗೇಜುಗಳನ್ನು ನೋಡಿ ಎಂದು ಆ ಬೀರುವನ್ನೇ ತೆರೆದರು. ಸಂಜೆಯೊಳಗೆ ವಿಚಾರಣೆ. ಮೇಸ್ತ್ರಿ ಮುಂದೆ ಬಂದು, ಬಾಟಲಿ ನನ್ನದೇ, ಈ ಹುಡುಗಿಗೆ ಏನೂ ಗೊತ್ತಿಲ್ಲ ಎಂದುಬಿಟ್ಟರು. ಮ್ಯಾನೇಜರು ಅವರ ನೋಟ್‌ಬುಕ್ಕನ್ನೂ ಕಿತ್ತುಕೊಂಡು, ಪುಟ ತಿರುವಿ, ಇಷ್ಟೊಂದು ತರಹ ಕುಡಿದಿದ್ದೀಯಾ ಎಂದು ಕೇಳಿದರು.

“ನಾನು ಕುಡಿಯಾಕಿಲ್ಲ ಸಾರ್,” ಅಂದರು ಮೇಸ್ತ್ರಿ. “ಬಾಯಾಗೆ ಇಟ್ಕಂಡು ಉಗೀತೀನಿ. ನಮ್ಮವ್ವಂಗೆ ಮಾತು ಕೊಟ್ಟಿವ್ನಿ.”

ಇಡೀ ರೂಮು ನಕ್ಕಿತು. ನಕ್ಕವರಲ್ಲಿ ಹಿಂದಿನ ವಾರವಷ್ಟೇ ಗೆಸ್ಟ್ ಹೌಸಿನಲ್ಲಿ ವಿದೇಶಿಯರ ಜೊತೆ ಕೂತು ಕಂಠಪೂರ್ತಿ ಕುಡಿದವರಿದ್ದರು. ಸಂಬಳದ ದಿನ ಸಾರಾಯಿ ಅಂಗಡಿಯ ಮುಂದೆ ಬಿದ್ದಿರುತ್ತಿದ್ದವರೂ ಇದ್ದರು. ಇವನು ಉಗಿದದ್ದನ್ನು ಯಾರಾದರೂ ಕಂಡಿದ್ದೀರಾ ಎಂದು ಮ್ಯಾನೇಜರು ತಮಾಷೆಗೆ ಕೇಳಿದರು. ನಾನು ಅಲ್ಲೇ ಗೋಡೆಗೆ ಒರಗಿ ನಿಂತಿದ್ದೆ. ಕಂಡೆ ಎಂದರೆ ನೀನು ಅಲ್ಲೇನು ಮಾಡುತ್ತಿದ್ದೆ ಎಂದು ಕೇಳುತ್ತಿದ್ದರು. ಬಾಯಿ ಬಿಡಲಿಲ್ಲ.

ಬಾಟಲಿ ತಂದದ್ದು ತಪ್ಪು, ಒಪ್ಪುತ್ತೇನೆ. ಹಾಗೆಂದೇ ಬರೆದು ನೋಟೀಸು ಹಾಕಬಹುದಿತ್ತು. ಅವರು ಬರೆದದ್ದು ಕಾರ್ಖಾನೆಯೊಳಗೆ ಮದ್ಯಪಾನ ಮಾಡಿದ್ದಕ್ಕಾಗಿ ಎಂದು. ಕೂದಲೆಳೆಯಷ್ಟು ಅಳತೆ ತಪ್ಪಿದರೆ ಮಾಲನ್ನು ವಾಪಸು ಕಳಿಸುತ್ತಿದ್ದ ಕಂಪನಿಗೆ ಒಬ್ಬ ಮನುಷ್ಯನ ಬಗ್ಗೆ ಇಷ್ಟು ದೊಡ್ಡ ಸುಳ್ಳು ಬರೆಯಲು ಕೈ ನಡುಗಲಿಲ್ಲ. ಆ ಕೋಪ ಇವತ್ತಿಗೂ ಇಳಿದಿಲ್ಲ. ಫೋರ್‌ಮನ್ ಕೆಲಸ ಬೇರೆಯವನಿಗೆ ಹೋಯಿತು. ಅದನ್ನು ಮೇಸ್ತ್ರಿ ಹೇಗೋ ಸಹಿಸಿಕೊಂಡರು. ನೋಟೀಸಿನ ಸುದ್ದಿಯನ್ನು ಯಾರೋ ಪುಣ್ಯಾತ್ಮ ಅವರ ತಾಯಿಗೆ ಮುಟ್ಟಿಸಿದ್ದನ್ನು ಮಾತ್ರ ಸಹಿಸಲಾಗಲಿಲ್ಲ.

ಆ ಮುದುಕಿ ಮಗನ ಜೊತೆ ಮಾತು ಬಿಟ್ಟರು. ಮಗ ಮುಟ್ಟಿದ ಅನ್ನ, ನೀರು ಬೇಡವೆಂದು ಹಿತ್ತಲಲ್ಲಿ ಮೂರು ಕಲ್ಲಿಟ್ಟು ತಾವೇ ಮುದ್ದೆ ಬೇಯಿಸಿಕೊಳ್ಳತೊಡಗಿದರು. ಒಂದು ಬೆಳಿಗ್ಗೆ ನಾನು ನೀರು ಹಿಡಿದುಕೊಂಡು ಬರುವಾಗ ಜಗಲಿಯಿಂದಲೇ ಕೈ ಸನ್ನೆ ಮಾಡಿ ಕರೆದರು.

“ನೀನು ಅಲ್ಲೇ ಕೆಲ್ಸ ಮಾಡ್ತೀಯಲ್ಲವ್ವ. ನನ್ ಮಗ ಕುಡಿತಾನಾ? ನೀನು ಯೋಳು, ನಂಬ್ತೀನಿ.”

ಪಕ್ಕದ ನಮ್ಮ ಮನೆಯೊಳಗೆ ಅಣ್ಣನಿದ್ದ, ಜಗಲಿಯ ಮಾತೆಲ್ಲ ಅಲ್ಲಿಗೆ ಕೇಳಿಸುತ್ತಿತ್ತು. ಮಾದನಾಯಕನಹಳ್ಳಿಯ ಕಡೆಯಿಂದ ನನ್ನನ್ನು ನೋಡಲು ಆ ವಾರವೇ ಬರುವವರಿದ್ದರು. ಕೊಡ ಸೊಂಟದ ಮೇಲೆ ಭಾರವಾಗಿತ್ತು. ನನಗೆ ಗೊತ್ತಿಲ್ಲ ಅಜ್ಜಿ ಎಂದೆ.

ಮೇಸ್ತ್ರಿ ನನ್ನ ಮದುವೆಗೆ ಬಂದರು. ಅಕ್ಷತೆ ಹಾಕಿ, ಚೆನ್ನಾಗಿರವ್ವ ಎಂದು ಹೇಳಿ, ಪಂಕ್ತಿಯಲ್ಲಿ ಕೂತು ಉಂಡು ಹೋದರು. ಅವರ ತಾಯಿ ಸಾಯುವವರೆಗೂ ಮಗನ ಕೈಯ ನೀರು ಮುಟ್ಟಲಿಲ್ಲವೆಂದೂ, ಕೊನೆಯ ನೀರನ್ನು ಮೇಸ್ತ್ರಿಯ ಹೆಂಡತಿಯೇ ಬಿಟ್ಟರೆಂದೂ ಅಮ್ಮ ಆಮೇಲೆ ತಿಳಿಸಿದಳು. ಮೇಸ್ತ್ರಿಯೂ ಈಗಿಲ್ಲ. ಆ ನೋಟ್‌ಬುಕ್ ಏನಾಯಿತೋ...

ಹೋಟೆಲಿನ ಯುವಕ ಬಟ್ಟಲನ್ನು ನನ್ನ ಕಡೆಗೆ ಸರಿಸಿ, ಇದೇ ಮೊದಲ ಸಲವಾ ಆಂಟಿ ಎಂದು ಕೇಳಿದ. ಬಾಯಲ್ಲಿದ್ದದ್ದನ್ನು ಉಗಿದು, ಅಲ್ಲ, ಎರಡನೇ ಸಲ ಎಂದೆ. ಸೊಸೆ ಬೆರಗಾಗಿ ನನ್ನ ಮುಖ ನೋಡಿದಳು. ಕಾರಿನಲ್ಲಿ ಬರುವಾಗ ಅವಳಿಗೆ ಎಲ್ಲವನ್ನೂ ಹೇಳಿದೆ.

“ಅವರು ಕುಡೀತಿರಲಿಲ್ಲ ಕಣೇ. ನಾನೇ ನೋಡಿದೀನಿ.”

ಅವಳು ನನ್ನ ಕೈ ತಟ್ಟಿ, “ಹೋಗ್ಲಿ ಬಿಡಿ ಅತ್ತೆ, ಅದನ್ನೆಲ್ಲ ಈಗ ಯಾರು ಕೇಳ್ತಾರೆ?” ಅಂದಳು.

ಕೇಳುವವರು ಒಬ್ಬರಿದ್ದರು. ಜಗಲಿಯ ಮೇಲೆ ಕೂತು, ನನ್ನನ್ನೇ ಕರೆದು ಕೇಳಿದ್ದರು.