ಸೋದರಮಾವ ಮಾಡಬೇಕಾದ ಕೆಲಸ

ನಮ್ಮ ಕಡೆ ಅಕ್ಕನಿಗೆ ಹೆಣ್ಣು ಹುಟ್ಟಿದರೆ ತಮ್ಮನಿಗೆ ಹೆಂಡತಿ ಹುಟ್ಟಿದಳು ಅಂತ ಬಾಣಂತಿ ಕೋಣೆಯಲ್ಲೇ ಹೇಳಿಬಿಡುತ್ತಾರೆ. ನನ್ನ ಬಗ್ಗೆಯೂ ಹೇಳಿದ್ದರು. ಈಗಿನ ಡಾಕ್ಟರುಗಳು ಬೇಡ ಅನ್ನುತ್ತಾರೆ, ಓದಿದವರು ಮೂಗು ಮುರಿಯುತ್ತಾರೆ. ಮುರಿಯಲಿ. ಕೆ.ಆರ್. ಪೇಟೆಯ ನಮ್ಮ ಮನೆಯಲ್ಲಿ ಅದು ದಿನಾ ಆಡುವ ಮಾತಾಗಿತ್ತು. ಬುದ್ಧಿ ಬರುವ ಮೊದಲೇ ನಾನು ಅದನ್ನು ನಂಬಿದ್ದೆ. ಬುದ್ಧಿ ಬಂದ ಮೇಲೆ ಮಾವನನ್ನು ಪ್ರೀತಿಸಿದೆ.

ಮಾವ ಅವ್ವನ ಒಬ್ಬನೇ ತಮ್ಮ. ಅಜ್ಜಿ ಬೇಗ ತೀರಿಕೊಂಡಿದ್ದರಿಂದ ಅವ್ವನೇ ಅವನನ್ನು ಎತ್ತಿ ಬೆಳೆಸಿದಳು. ಮದುವೆಯಾದ ಮೇಲೂ ನಮ್ಮ ಮನೆಯಲ್ಲೇ ಇಟ್ಟುಕೊಂಡು ಓದಿಸಿದಳು. ಅವಳ ಎದುರು ಅವನು ತಲೆಯೆತ್ತಿ ಮಾತಾಡಿದ್ದನ್ನು ನಾನು ಕಂಡೇ ಇಲ್ಲ. ಪಶು ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿ ಬಿಂಡಿಗನವಿಲೆಗೆ ಹೋದ. ಶನಿವಾರ ಸಂಜೆ ಬಸ್ಸಿಳಿದು ಬಂದರೆ ಮೈಯೆಲ್ಲ ಕುರಿ ವಾಸನೆ. ಅವ್ವ ಬೈಯುತ್ತಲೇ ಬಿಸಿನೀರು ತೋಡಿ ಕೊಡುತ್ತಿದ್ದಳು. ನನಗೆ ಆ ವಾಸನೆಯೂ ಇಷ್ಟ. ಹೀಗೆ ಬರೆಯುವುದಕ್ಕೆ ನನಗೇನೂ ನಾಚಿಕೆಯಿಲ್ಲ.

ಬಿಂಡಿಗನವಿಲೆಯ ಶಾಲೆಗೆ ನಾಗಮಂಗಲದಿಂದ ಒಬ್ಬರು ಟೀಚರು ಬರುತ್ತಿದ್ದರು. ಅವರ ಊರು ತೊಣ್ಣೂರು, ತಂದೆ ದೇವಸ್ಥಾನದ ಸೇವೆಯಲ್ಲಿದ್ದವರು. ಮಾವನೂ ನಾಗಮಂಗಲದಲ್ಲೇ ರೂಮು ಮಾಡಿದ್ದರಿಂದ ಬೆಳಗಿನ ಬಸ್ಸಿನಲ್ಲಿ ಇಬ್ಬರಿಗೂ ಪರಿಚಯವಾಯಿತು. ಶನಿವಾರ ಬಂದರೆ ಅವನ ಬಾಯಲ್ಲಿ ಅವರದೇ ಮಾತು. ಟೀಚರು ಕಂಡಕ್ಟರ ಜೊತೆ ಜಗಳ ಆಡಿದರು, ಟೀಚರು ಬೀದಿ ನಾಯಿಗೆ ಚುಚ್ಚುಮದ್ದು ಹಾಕಿಸಿದರು, ಟೀಚರು ನಕ್ಕರೆ ಇಡೀ ಬಸ್ಸು ತಿರುಗಿ ನೋಡುತ್ತದೆ. ಇದನ್ನೆಲ್ಲ ಹೇಳಿಕೊಳ್ಳಲು ಅವನಿಗೆ ನನ್ನ ಬಿಟ್ಟು ಯಾರಿದ್ದರು? ನಾನು ಹುರುಳಿ ಆರಿಸುತ್ತಾ ಹೂಂಗುಟ್ಟುತ್ತಿದ್ದೆ. ಅವನಿಗೆ ಪ್ರೀತಿಯಾಗಿದೆ ಅನ್ನುವುದು ಅವನಿಗಿಂತ ಮೊದಲು ನನಗೇ ಗೊತ್ತಾಯಿತು. ಆದರೂ ಹೂಂಗುಟ್ಟುವುದನ್ನು ಬಿಡಲಿಲ್ಲ.

ಆ ವರ್ಷವೇ ಅಪ್ಪ, ನನಗೂ ಮಾವನಿಗೂ ವಯಸ್ಸಾಯಿತು, ಮದುವೆ ಮುಗಿಸಿಬಿಡೋಣ ಅಂದರು. ಮಾವ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಊಟ ಬಿಟ್ಟ. ತಟ್ಟೆಯಲ್ಲಿ ಮುದ್ದೆ ಮುರಿದು ಹಾಗೇ ಕೂತಿರುತ್ತಿದ್ದ. ಶನಿವಾರಗಳಂದು ಬರುವುದು ತಪ್ಪಿತು. ಬಂದರೂ ಗೋಡೆ ಕಡೆ ತಿರುಗಿ ಮಲಗುತ್ತಿದ್ದ. ಕಣ್ಣಿನ ಕೆಳಗೆ ಕಪ್ಪಾಗಿ, ಮುಖ ಒಣಗಿ, ನೋಡಿದರೆ ಅಳು ಬರುತ್ತಿತ್ತು. ಯಾರದೋ ದೃಷ್ಟಿ ತಾಗಿದೆ ಅಂತ ಅವ್ವ ಮೆಣಸಿನಕಾಯಿ ನೀವಾಳಿಸಿದಳು. ಕೊನೆಗೆ, ಇಬ್ಬರೂ ತೊಣ್ಣೂರಿಗೆ ಹೋಗಿ ದೇವರಿಗೆ ಪೂಜೆ ಮಾಡಿಸಿಕೊಂಡು, ಕೆರೆ ನೋಡಿಕೊಂಡು ಬನ್ನಿ ಅಂದಳು. ಅದು ಯಾರ ಊರೆಂದು ಅವಳಿಗೆ ಗೊತ್ತಿರಲಿಲ್ಲ. ನಾವಿಬ್ಬರೂ ಹೇಳಲಿಲ್ಲ.

ಅಪ್ಪನ ಬೈಕಿನಲ್ಲಿ ಪಾಂಡವಪುರದ ಮೇಲೆ ಹೋದೆವು. ಪೂಜೆಯಾದ ಮೇಲೆ ಅವನು ನನ್ನನ್ನು ನೇರ ಟೀಚರ ಮನೆಗೆ ಕರೆದುಕೊಂಡು ಹೋದ. ಯಾಕೆ ಅಂತ ಇವತ್ತಿಗೂ ನನಗೆ ಸರಿಯಾಗಿ ಗೊತ್ತಿಲ್ಲ. ನಾನೂ ಟೀಚರೂ ಇಬ್ಬರೇ ಏನಾದರೂ ತೀರ್ಮಾನ ಮಾಡಿಕೊಳ್ಳಲಿ ಅಂತಲೋ ಏನೋ. ರಜೆಗೆ ಊರಿಗೆ ಬಂದಿದ್ದ ಟೀಚರು ನನಗೆ ಕುಂಕುಮ ಕೊಟ್ಟು, ಪುಳಿಯೋಗರೆ ಬಡಿಸಿದರು. ಅವರು ಚೆಲುವೆಯೇನಲ್ಲ. ನಾನು ಅದನ್ನೇ ಮೊದಲು ನೋಡಿದ್ದು. ಆದರೆ ನೀರು ಕೊಡಲು ಬಂದವರು ಖಾಲಿ ಲೋಟ ಇಟ್ಟು ಹೋದರು. ಅಲ್ಲಿಗೆ ನನ್ನ ಹೊಟ್ಟೆಕಿಚ್ಚು ಇಳಿದುಹೋಯಿತು. ಮಾವನನ್ನು ಜಗಲಿಯ ಮೇಲೆ ಬಿಟ್ಟು ನಾವಿಬ್ಬರೂ ಕೆರೆ ಏರಿಯ ಮೇಲೆ ನಡೆದೆವು.

"ನಿಮ್ಮ ಮಾವ ನನ್ನ ಹತ್ತಿರ ಬರೀ ನಿಮ್ಮ ವಿಷಯಾನೇ ಮಾತಾಡ್ತಾರೆ," ಅಂದರು. "ನೀವು ಮುನಿಸಿಕೊಂಡಿದ್ದು, ನೀವು ನಕ್ಕಿದ್ದು, ನಿಮಗೆ ಜ್ವರ ಬಂದಿದ್ದು."

"ನನ್ನತ್ರ ಬರೀ ನಿಮ್ಮ ವಿಷ್ಯ," ಅಂದೆ.

ಅವನಿಗೆ ನಾವಿಬ್ಬರೂ ಬೇಕಾಗಿತ್ತು. ಅದು ಸುಳ್ಳಲ್ಲ ಅಂತ ಇಬ್ಬರಿಗೂ ಗೊತ್ತಾಗಿಹೋಗಿತ್ತು. ಅವನು ಮೋಸಗಾರನಾಗಿದ್ದರೆ ಬೈದು ಬಿಡಬಹುದಿತ್ತು.

ಊರಿಗೆ ಬಂದವಳೇ ಅವ್ವನಿಗೆ ಹೇಳಿದೆ, ನಾನು ಮಾವನನ್ನು ಮದುವೆಯಾಗಲ್ಲ ಅಂತ. ಕಾರಣ ಕೇಳಿದ್ದಕ್ಕೆ ಡಾಕ್ಟರುಗಳ ಮಾತನ್ನು ಮುಂದಿಟ್ಟೆ. ಅವ್ವ ಎದೆ ಬಡಿದುಕೊಂಡು ಅತ್ತಳು. ಎರಡು ಅಕ್ಷರ ಕಲಿತದ್ದಕ್ಕೆ ಇಷ್ಟು ಕೊಬ್ಬೇ ಅಂತ ವಾರಗಟ್ಟಲೆ ನನ್ನ ಜೊತೆ ಮಾತು ಬಿಟ್ಟಳು. ನಾನು ಹಿತ್ತಲಲ್ಲಿ ಬಟ್ಟೆ ಒಗೆಯುತ್ತಾ ಅಳುತ್ತಿದ್ದೆ. ಆದರೂ ಒಂದು ಸಮಾಧಾನವಿತ್ತು. ದಾರಿ ಬಿಟ್ಟುಕೊಟ್ಟಿದ್ದೇನೆ, ಇನ್ನು ಅವನು ತೊಣ್ಣೂರಿಗೆ ಹೋಗಿ ಕೇಳುತ್ತಾನೆ, ಊಟ ಮಾಡುತ್ತಾನೆ, ಮೊದಲಿನ ಹಾಗೆ ಆಗುತ್ತಾನೆ ಅಂದುಕೊಂಡಿದ್ದೆ.

ಮಾವ ಬಂದ. ಬಚ್ಚಲ ಬಾಗಿಲಲ್ಲಿ ನಿಂತು ಹೇಳಿದ. ತಂದೆ ನೋಡಿದ ಮೈಸೂರಿನ ಗಂಡನ್ನು ಟೀಚರು ಒಪ್ಪಿಕೊಂಡಿದ್ದರು. ನಾವು ತೊಣ್ಣೂರಿಗೆ ಹೋಗಿ ಬಂದ ಆ ವಾರವೇ.

"ನಿನ್ನ ನೋಡಿದ್ ಮ್ಯಾಲೆ ನನ್ನ ಕಟ್ಕಳಕ್ಕೆ ಮನಸ್ ಬರ್ನಿಲ್ವಂತೆ ಮಗ," ಅಂದ.

ನನಗೆ ಸಿಟ್ಟು ನೆತ್ತಿಗೇರಿತು. ಅವರ ಮೇಲಲ್ಲ, ಇವನ ಮೇಲೆ. ಇಬ್ಬರು ಹೆಂಗಸರು ಒಬ್ಬರಿಗೊಬ್ಬರು ತಿಳಿಯದೆ ಎದೆ ಕಲ್ಲು ಮಾಡಿಕೊಂಡು ಬಿಟ್ಟುಕೊಡುತ್ತಿದ್ದರೆ, ಇವನು ಎರಡು ಕಡೆಯೂ ತಲೆ ತಗ್ಗಿಸಿ ಕೇಳಿಸಿಕೊಂಡು ಬಂದಿದ್ದ. ಕೈಯಲ್ಲಿದ್ದ ಬಟ್ಟೆಯನ್ನು ಬಕೆಟ್ಟಿಗೆ ಎಸೆದೆ.

"ಒಬ್ರಿಗಾದ್ರೂ ನೀನು ಬೇಕು ಅನ್ನಕ್ಕಾಗ್ನಿಲ್ವಾ ಮಾವ?"

"ಒಬ್ರಿಗೆ ಬೇಕು ಅಂದ್ರೆ ಇನ್ನೊಬ್ರಿಗೆ ಬ್ಯಾಡ ಅಂದಂಗಾಯ್ತದೆ," ಅಂದ. ಅಷ್ಟು ಹೇಳಿ ಅಲ್ಲೇ ಕುಕ್ಕರಗಾಲಲ್ಲಿ ಕೂತು ಮುಖ ಮುಚ್ಚಿಕೊಂಡ. ನಾನು ಸಮಾಧಾನ ಮಾಡಲಿಲ್ಲ. ಒಳ್ಳೆಯವನ ಬಾಯಿಂದ ಬಾರದ ಒಂದು ಮಾತು ಎಷ್ಟು ಜನರನ್ನು ಕೊಂದೀತು ಅಂತ ಆವತ್ತು ಉರಿದುಬಿಟ್ಟಿದ್ದೆ. ಆ ಸಿಟ್ಟು ಈಗಲೂ ಪೂರ್ತಿ ಆರಿಲ್ಲ.

ಟೀಚರು ಮೈಸೂರಿಗೆ ಹೋದರು. ನನಗೂ ಪಾಂಡವಪುರದ ಕಡೆಯ ಒಂದು ಸಂಬಂಧ ಬಂತು. ನಾನು ಒಪ್ಪಿದೆ. ಮಾವ ಮಾತ್ರ ಬಿಂಡಿಗನವಿಲೆ ಬಿಟ್ಟು ಎಲ್ಲೂ ಹೋಗಲಿಲ್ಲ, ಯಾವ ಹೆಣ್ಣನ್ನೂ ನೋಡಲು ಒಪ್ಪಲಿಲ್ಲ.

ಮದುವೆ ಶ್ರೀರಂಗಪಟ್ಟಣದ ಛತ್ರದಲ್ಲಿ. ನಮ್ಮಲ್ಲಿ ಹೆಣ್ಣನ್ನು ಧಾರೆ ಮಂಟಪಕ್ಕೆ ಕರೆತರುವವನು ಸೋದರಮಾವ. ಅಪ್ಪ ದೂರದ ಸಂಬಂಧದ ಯಾರನ್ನಾದರೂ ನಿಲ್ಲಿಸೋಣ ಅಂದರು, ಅವರಿಗೂ ಏನೋ ಅರ್ಥವಾಗಿತ್ತು. ಅವ್ವ ಜಪ್ಪಯ್ಯ ಅಂದರೂ ಕೇಳಲಿಲ್ಲ, ಸ್ವಂತ ತಮ್ಮ ಬದುಕಿರುವಾಗ ಬೇರೆಯವರು ಯಾಕೆ ಅಂದಳು. ಮಾವ ಹೊಸ ಪಂಚೆಯುಟ್ಟು ಕೋಣೆಯ ಬಾಗಿಲಿಗೆ ಬಂದ. ನಾನು ಕೈ ಕೊಟ್ಟೆ. ಓಲಗ ಜೋರಾಗಿತ್ತು. ಆ ದಾರಿಯಲ್ಲಿ ಅವನು ಏನಾದರೂ ಹೇಳಿದ್ದರೆ ನಾನು ಅಲ್ಲಿಂದಲೇ ತಿರುಗಿ ಬಿಡುತ್ತಿದ್ದೆ, ಅಷ್ಟು ಜನರ ಎದುರಿಗೇ.

"ಮೆಟ್ಲು ಐತೆ ಮಗ, ನೋಡ್ಕಂಡ್ ಕಾಲಿಡು," ಅಂದ.

ನೋಡಿಕೊಂಡು ಕಾಲಿಟ್ಟೆ. ಎದುರಿಗೆ ಅಡ್ಡಲಾಗಿ ಬಿಳಿ ತೆರೆ ಹಿಡಿದಿದ್ದರು. ಆಚೆ ನಿಂತ ಗಂಡಿನ ಮುಖ ಕಾಣುತ್ತಿರಲಿಲ್ಲ. ಕೈಯಲ್ಲಿ ಜೀರಿಗೆ ಬೆಲ್ಲ ಹಿಡಿದು, ಮಂತ್ರ ಮುಗಿಯುವವರೆಗೂ, ಆ ಕಡೆ ಇರುವವನು ಮಾವನೇ ಅಂದುಕೊಂಡೆ. ಹುಟ್ಟಿದಾಗಿನಿಂದ ಅಂದುಕೊಂಡದ್ದನ್ನು ಇನ್ನೊಂದು ಗಳಿಗೆ ಅಂದುಕೊಂಡರೆ ಯಾರ ಗಂಟು ಹೋಗುತ್ತದೆ? ತೆರೆ ಇಳಿಯಿತು. ಗಂಡು ಎತ್ತರದವನು, ನನ್ನ ಕೈ ಎಟುಕಲಿಲ್ಲ. ಹಿಂದೆ ನಿಂತಿದ್ದ ಮಾವ ನನ್ನ ಮೊಳಕೈ ಹಿಡಿದು ಮೇಲೆತ್ತಿ, ಅವನ ತಲೆಯ ಮೇಲೆ ಜೀರಿಗೆ ಬೆಲ್ಲ ಹಾಕಿಸಿದ.